ಕೋಳಿಗೆ ಪೇಂಟ್ ಹೊಡೆದವರು ಯಾರು?

ಇವತ್ತು ತಪ್ಪೊಪ್ಪಿಗೆಯಿಂದಲೇ ಶುರು ಮಾಡ್ತೀನಿ. ಕೆಲವು ವರ್ಷಗಳ ಹಿಂದೆ ನಾನು ಕ್ಯಾಮೆರಾ ಮುಂದೆ ಒಂದು ಕಂದು ಮೊಟ್ಟೆಗೆ ನಿಂಬೆರಸ ಹಚ್ಚಿ ಉಜ್ಜಿದ್ದೆ. ಬಣ್ಣ ಬಿಟ್ಟಿತು. ‘ನಾಟಿ ಮೊಟ್ಟೆ ಹೆಸರಲ್ಲಿ ಬಣ್ಣದ ದೋಖಾ’ ಅಂತ ಕೆಳಗೆ ದೊಡ್ಡ ಅಕ್ಷರದಲ್ಲಿ ಓಡಿತು. ಮರುದಿನ ಚಿಂತಾಮಣಿ ಕಡೆಯ ಹಳ್ಳಿಯಿಂದ ಒಬ್ಬ ತಾಯಿ ಫೋನ್ ಮಾಡಿದರು. “ಸಾರ್, ನಮ್ಮನೆ ಹೇಂಟೆ ಇಟ್ಟ ಮೊಟ್ಟೆನೂ ಉಜ್ಜಿದ್ರೆ ಬಣ್ಣ ಬಿಡ್ತೈತೆ. ನಾನೇನು ಕೋಳಿಗೆ ಪೇಂಟ್ ಹೊಡ್ದಿದ್ದೀನಾ? ದಿನಾ ತಗೊಳ್ಳೋರು ಇವತ್ತು ಬ್ಯಾಡ ಅಂದ್ರು.” ನಾನು ಕ್ಷಮೆ ಕೇಳಿದೆ. “ನಂಗ್ಯಾಕೆ ಹೇಳ್ತೀರಾ, ಟೀವಿನಾಗೆ ಹೇಳಿ” ಅಂದರು. ತಡವಾಯಿತು, ಆದರೂ ಹೇಳ್ತಿದ್ದೀನಿ.

ಒಂದು ಮೊಟ್ಟೆ ತಯಾರಾಗೋಕೆ ಸುಮಾರು 25 ಗಂಟೆ ಬೇಕು. ಅದರಲ್ಲಿ 20 ಗಂಟೆ ಬರೀ ಚಿಪ್ಪಿಗೇ ಹೋಗುತ್ತೆ. ಚಿಪ್ಪು ಅಂದರೆ ಸುಣ್ಣ, ಅದರ ಮೂಲ ಬಣ್ಣ ಬಿಳಿ. ಕಂದು ಮೊಟ್ಟೆ ಇಡುವ ತಳಿಗಳಲ್ಲಿ ಕೊನೆಯ ಕೆಲವು ಗಂಟೆಗಳಲ್ಲಿ ಪ್ರೋಟೋಪಾರ್ಫಿರಿನ್ ಅನ್ನೋ ಬಣ್ಣ ಹೆಚ್ಚಾಗಿ ಮೇಲ್ಪದರದಲ್ಲಿ ಕೂರುತ್ತೆ, ಗೋಡೆಗೆ ಕೊನೇ ಕೋಟ್ ಹೊಡೆದ ಹಾಗೆ. ಹುಳಿ ಹಚ್ಚಿದರೆ ಆ ಪದರ ಕರಗಿ ಕೈಗೆ ಬರುತ್ತೆ. ಮೊಟ್ಟೆ ಒಡೆದು ಚಿಪ್ಪಿನ ಒಳಭಾಗ ನೋಡಿ, ಹೆಚ್ಚುಕಮ್ಮಿ ಬಿಳಿ. ಹೌದಮ್ಮಾ, ಪೇಂಟ್ ಹೊಡೆದದ್ದು ಕೋಳಿಯೇ!

ಚಿಲಿ ದೇಶದ ಅರೌಕಾನಾ ಕೋಳಿ ನೀಲಿ ಮೊಟ್ಟೆ ಇಡುತ್ತೆ. ಆ ನೀಲಿ ಚಿಪ್ಪಿನ ಒಳಗೂ ಇಳಿದಿರುತ್ತೆ, ಉಜ್ಜಿದರೆ ಹೋಗಲ್ಲ. ಯಾವುದೋ ಕಾಲದಲ್ಲಿ ಕೋಳಿಯ ವಂಶವಾಹಿಯೊಳಗೆ ಸೇರಿಕೊಂಡ ವೈರಸ್ ತುಣುಕೊಂದು ಇದಕ್ಕೆ ಕಾರಣ ಅಂತ 2013ರಲ್ಲಿ ಗೊತ್ತಾಯಿತು. ನೀಲಿಯದಕ್ಕೆ ಕಂದು ತಳಿ ಕೂಡಿಸಿದರೆ ಹಸಿರು ಮೊಟ್ಟೆ ಬರುತ್ತೆ. ಕಪ್ಪು ಮಾಂಸದ ಕಡಕ್‌ನಾಥ್ ಮೊಟ್ಟೆ ಮಾತ್ರ ಕಪ್ಪಲ್ಲ. ಕಪ್ಪು ಮೊಟ್ಟೆ ಮಾರೋಕೆ ಯಾರಾದರೂ ಬಂದರೆ ಹುಷಾರು.

ಬಣ್ಣ ವಂಶದಲ್ಲಿ ಹೇಗೆ ಹರಿಯುತ್ತೆ ಅನ್ನೋದು ಶಿಡ್ಲಘಟ್ಟದವರಿಗೆ ಗೂಡಿನ ಮಾರುಕಟ್ಟೆಯಲ್ಲೇ ಗೊತ್ತು. ಮೈಸೂರು ತಳಿಯ ಹೆಣ್ಣು ಚಿಟ್ಟೆಗೆ ಬಿಳಿ ಗೂಡಿನ ತಳಿಯ ಗಂಡು ಕೂಡಿಸಿದರೆ ಬರೋ ಮಿಶ್ರತಳಿ ಗೂಡೆಲ್ಲ ಹಳದಿ. ಬಿಳಿ ಸತ್ತಿಲ್ಲ, ಅಡಗಿ ಕೂತಿದೆ. ಆ ಹುಳಗಳನ್ನೇ ಮತ್ತೆ ಕೂಡಿಸಿದರೆ ಹಳದಿ ಗೂಡಿನ ಜೊತೆ ಬಿಳಿಯೂ ಇಣುಕುತ್ತೆ. ಮೆಂಡಲ್ ಬಟಾಣಿಯಲ್ಲಿ ಕಂಡ ಈ ನಿಯಮ ಪ್ರಾಣಿಗಳಿಗೂ ಅನ್ವಯ ಅಂತ ಇಂಗ್ಲೆಂಡಿನ ಬೇಟ್‌ಸನ್ 1902ರಲ್ಲಿ ತೋರಿಸಿದ್ದು ಕೋಳಿಯಲ್ಲೇ. ಜಪಾನಿನ ತೊಯಾಮಾ 1906ರಲ್ಲಿ ರೇಷ್ಮೆಹುಳದಲ್ಲಿ ತೋರಿಸಿದರು. ನಮ್ಮ ಜಿಲ್ಲೆಯವರ ಹಿತ್ತಲು ಮತ್ತು ಹುಳು ಮನೆ, ಎರಡರಲ್ಲೂ ಒಂದೇ ಪಾಠ. ಆದರೆ ಮೊಟ್ಟೆಯ ಕಂದು ಒಂದೇ ಜೀನಿನ ಆಟ ಅಲ್ಲ, ಹಲವು ಸೇರಿ ಆಡಿಸೋದು. ಅದಕ್ಕೇ ಒಂದೇ ಮನೆಯ ನಾಟಿ ಕೋಳಿಗಳಲ್ಲಿ ಒಂದರದ್ದು ಕೆನೆಬಣ್ಣ, ಇನ್ನೊಂದರದ್ದು ತಿಳಿ ಕಂದು.

ಪುಕ್ಕದ ಲೆಕ್ಕ ಬೇರೆ. ಗೆರೆ ಪುಕ್ಕದ ಹೇಂಟೆಗೆ ಕಪ್ಪು ಹುಂಜ ಕೂಡಿಸಿದರೆ ಗಂಡುಮರಿಗಳೆಲ್ಲ ಗೆರೆಯವು, ಹೆಣ್ಣುಮರಿಗಳೆಲ್ಲ ಕಪ್ಪು. ಹೇಂಟೆ ಆ ಜೀನನ್ನ ಗಂಡುಮಕ್ಕಳಿಗೆ ಮಾತ್ರ ಕೊಡುತ್ತೆ. ಮೊಟ್ಟೆಯೊಡೆದ ದಿನವೇ ಗಂಡುಮರಿ ತಲೆ ಮೇಲೆ ಬಿಳಿ ಚುಕ್ಕೆ ನೋಡಿ ಗುರುತಿಸಬಹುದು.

ಬಣ್ಣದ ಪುಕ್ಕ ನೋಡಿ ‘ನಾಟಿ’ ಅನ್ನೋರಿಗೆ ಗಿರಿರಾಜ ನೆನಪಿಸ್ತೀನಿ. 1989ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹಿತ್ತಲ ಸಾಕಣೆಗೆ ಅಂತಲೇ ಬಿಡುಗಡೆ ಮಾಡಿದ ಬಣ್ಣದ ಕೋಳಿ ಅದು. ಬಿಳಿ ಕೋಳಿ ಹದ್ದಿನ ಕಣ್ಣಿಗೆ ಬೇಗ ಬೀಳುತ್ತೆ, ಗಿರಾಕಿ ಕಣ್ಣಿಗೆ ಫಾರಂ ಕೋಳಿಯಾಗಿ ಕಾಣುತ್ತೆ. ಗಿರಿರಾಜ ವರ್ಷಕ್ಕೆ 130ರಿಂದ 150 ಕಂದು ಮೊಟ್ಟೆ ಇಡುತ್ತೆ, ನಾಟಿಯದು ಅದರ ಅರ್ಧದಷ್ಟೂ ಕಷ್ಟ. ಗಿರಿರಾಜ ಒಳ್ಳೇ ಕೋಳಿ, ಜಗಳ ಅದರ ಜೊತೆ ಅಲ್ಲ. ಅದನ್ನ ನಾಟಿ ಅಂತ ಹೇಳಿ ನಾಟಿ ರೇಟು ಕೇಳೋದರ ಜೊತೆ.

ಹಾಗಾದರೆ ಗೌರಿಬಿದನೂರಿನ ಅಂಗಡಿಯಲ್ಲೋ ಚಿಕ್ಕಬಳ್ಳಾಪುರದ ಹೈವೇ ಪಕ್ಕದಲ್ಲೋ ‘ನಾಟಿ ಮೊಟ್ಟೆ’ ಬೋರ್ಡ್ ಕಂಡರೆ ಏನು ನೋಡಬೇಕು? ಟ್ರೇ ನೋಡಿ. ಮೂವತ್ತೂ ಮೊಟ್ಟೆ ಒಂದೇ ಗಾತ್ರ, ಒಂದೇ ಗಾಢ ಕಂದು ಇದ್ದರೆ ಅದು ಹೆಚ್ಚಾಗಿ ಕಂದು ಮೊಟ್ಟೆಯ ಫಾರಂ ತಳಿಯದ್ದು. ಹಿತ್ತಲ ಮೊಟ್ಟೆ ಸಣ್ಣದು, ಒಂದರ ಹಾಗೆ ಇನ್ನೊಂದು ಇರಲ್ಲ. ಭಂಡಾರ ಕಡು ಹಳದಿ ಇದೆ ಅಂತಲೂ ನಂಬಬೇಡಿ, ಅದು ತಿಂದ ಮೇವಿನ ಬಣ್ಣ. ಚೆಂಡುಹೂವಿನಿಂದ ತೆಗೆದ ಬಣ್ಣವನ್ನ ಫಾರಂ ಮೇವಿಗೂ ಬೆರೆಸ್ತಾರೆ. ಚಿಪ್ಪಿನ ಬಣ್ಣದಿಂದ ಪೌಷ್ಟಿಕಾಂಶವೂ ಬದಲಾಗಲ್ಲ. ಬಿಳಿ ಮೊಟ್ಟೆಗೆ ಟೀ ಡಿಕಾಕ್ಷನ್‌ನಲ್ಲಿ ಬಣ್ಣ ಕೊಟ್ಟು ಮಾರೋರು ಇಲ್ಲ ಅಂತ ನಾನು ಹೇಳ್ತಿಲ್ಲ. ನಿಂಬೆಹಣ್ಣು ಅವರನ್ನ ಹಿಡಿಯಲ್ಲ, ಅಷ್ಟೇ. ಹಿಡಿಯೋದು ಆ ತಾಯಿಯಂಥವರನ್ನ.