ತಾನೇ ಮರಿ ಹಾಕುವ ಯಂತ್ರ ಹೊಲಕ್ಕೆ ಬಂದರೆ?

ರಾಯಚೂರಿನಲ್ಲಿ ಓದುವ ಅಣ್ಣನ ಮಗ ಹಬ್ಬಕ್ಕೆ ದೇವದುರ್ಗಕ್ಕೆ ಬಂದಿದ್ದ. ತೊಗರಿ ಹೊಲದ ಬದುವಿನ ಮ್ಯಾಲೆ ಕುಂತು, "ಕಾಕಾ, ಕಣ್ಣಿಗೆ ಕಾಣದಂಥ ರೋಬೋಟ್ ಬರ್ತಾವಂತ. ಒಂದು ಬಿಟ್ಟರ ಸಾಕು, ತನ್ನಂಥವು ಸಾವಿರ ತಾನೇ ಮಾಡ್ತದ. ಕೀಡಿ ಹುಡುಕಿ ಕೊಲ್ತಾವ" ಅಂದ.

"ಅಂಥಾದ್ದು ನಾನು ಆಗಲೇ ಹೊಡದೀನಲ್ಲೋ ತಮ್ಮಾ" ಅಂದೆ. ನಕ್ಕುಬಿಟ್ಟ.

ನಾನು ಹೇಳಿದ್ದು ಎನ್.ಪಿ.ವಿ. ಅದು ಕಾಯಿಕೊರಕ ಕೀಡಿಗೆ ರೋಗ ತರುವ ವೈರಸ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ನ್ಯಾನೋಮೀಟರ್. ಈ ವೈರಸ್ಸಿನ ಉದ್ದ ಸುಮಾರು 300 ನ್ಯಾನೋಮೀಟರ್. ಎಲೆಯ ಸಂಗಡ ಕೀಡಿಯ ಹೊಟ್ಟೆ ಸೇರಿ, ಅದರ ಮೈಯನ್ನೇ ಸರಕು ಮಾಡಿಕೊಂಡು ತನ್ನಂಥವನ್ನು ಹುಟ್ಟಿಸುತ್ತದೆ. ವಾರದೊಳಗೆ ಕೀಡಿ ತಲೆಕೆಳಗಾಗಿ ಜೋತುಬಿದ್ದು ಸಾಯುತ್ತದೆ. ಸತ್ತ ಕೀಡಿ ಒಡೆದರೆ ಕೋಟಿಗಟ್ಟಲೆ ವೈರಸ್ ಹೊರಗೆ.

ಮಾನ್ವಿಯ ಬೀಗರ ತೊಗರಿಗೆ ಮೊದಲ ಸಲ ಇದನ್ನು ಹೊಡೆದಾಗ ನಾನೇ ತಪ್ಪು ಮಾಡಿದೆ. ಮಟಮಟ ಮಧ್ಯಾಹ್ನ ಹೊಡೆದೆ. ಬಿಸಿಲಿಗೆ ವೈರಸ್ ಸತ್ತು, ಕೀಡಿ ಕಾಯಿ ತಿಂದವು. ಬೀಗರ ಮುಂದೆ ಮುಖ ಸಣ್ಣದಾಯಿತು. ಈಗ ಕೀಡಿ ಸಣ್ಣವಿದ್ದಾಗಲೇ, ಎಕರೆಗೆ 100 ಎಲ್.ಇ. ಲೆಕ್ಕದಲ್ಲಿ, ಲೀಟರ್ ನೀರಿಗೆ 5 ಗ್ರಾಂ ಬೆಲ್ಲ ಕೂಡಿಸಿ ಸಂಜೆ ಹೊಡೆಯುತ್ತೇನೆ.

ಆ ಸೋಲಿನಿಂದ ಒಂದು ಮಾತು ತಿಳಿಯಿತು. ಈ ವೈರಸ್ಸಿಗೆ ಲಗಾಮು ಇದೆ. ಬಿಸಿಲು ತಾಳದು. ಜೇನುಹುಳ, ದನ, ಮನುಷ್ಯರ ತಂಟೆಗೆ ಬಾರದು. ಕೀಡಿ ಮುಗಿದರೆ ಅದರ ಆಟವೂ ಮುಗಿಯಿತು.

ಲಗಾಮಿಲ್ಲದ್ದು ಹೇಗಿರುತ್ತದೆ? ಕಾಂಗ್ರೆಸ್ ಕಸ ನೋಡಿರಿ. 1950ರ ದಶಕದಲ್ಲಿ ಪುಣೆಯಲ್ಲಿ ಕಂಡದ್ದು ಇವತ್ತು ನಮ್ಮ ಬದುವಿನ ಮೇಲೂ ಇದೆ. ಕಿತ್ತಷ್ಟೂ ಹುಟ್ಟುತ್ತದೆ.

ಹುಡುಗ ಹೇಳಿದ ರೋಬೋಟನ್ನು ಇನ್ನೂ ಯಾರೂ ಮಾಡಿಲ್ಲ. ಅಮೆರಿಕದ ಎರಿಕ್ ಡ್ರೆಕ್ಸ್ಲರ್ 1986ರಲ್ಲೇ ಅದರ ಬಗ್ಗೆ ಪುಸ್ತಕ ಬರೆದು, ರೋಗ ವಾಸಿಮಾಡುವ ಆಸೆಯನ್ನೂ ತೋರಿಸಿದರು, ಕೈಮೀರಿದರೆ ಸಿಕ್ಕದ್ದನ್ನೆಲ್ಲ ತಿಂದೀತೆಂಬ ಭಯವನ್ನೂ ಹೇಳಿದರು. 2004ರಲ್ಲಿ ಅವರೇ, ಸಣ್ಣ ವಸ್ತು ತಯಾರಿಸಲು ತಾನೇ ಮರಿ ಹಾಕುವ ಯಂತ್ರ ಬೇಕಾಗಿಯೇ ಇಲ್ಲ ಎಂದರು.

ಆದರೂ ನಾಳೆ ಯಾರಾದರೂ ಅಂಥ ಬಾಟಲಿ ಹಿಡಿದು ಬಂದರೆ, ಬೆಲೆ ಕೇಳುವ ಮೊದಲು ಮೂರು ಮಾತು ಕೇಳೋಣ: ಇದು ಏನು ತಿಂತದ? ಯಾವಾಗ ನಿಲ್ತದ? ನಿಲ್ಲದಿದ್ದರ ನಿಲ್ಲಿಸೋರು ಯಾರು?

ಮೂರಕ್ಕೂ ಉತ್ತರ ಸಿಗದಿದ್ದರೆ ಮುಚ್ಚಳ ತೆಗೆಯುವುದು ಬೇಡ.