ಪೈಲಟ್ ಇಲ್ಲದೆ ಹಾರಿದ ವಿಮಾನ ಕಲಿಸಿದ ಪಾಠ

1955ರ ಆಗಸ್ಟ್ 30. ಆಸ್ಟ್ರೇಲಿಯಾದ ಸಿಡ್ನಿ ಬಳಿಯ ಬ್ಯಾಂಕ್ಸ್‌ಟೌನ್ ವಿಮಾನ ನಿಲ್ದಾಣದಲ್ಲಿ ಪುಟ್ಟ ಆಸ್ಟರ್ ವಿಮಾನವೊಂದರ ಎಂಜಿನ್ ನಿಂತುಹೋಯಿತು. ಒಂಟಿಯಾಗಿದ್ದ ಪೈಲಟ್ ಕೆಳಗಿಳಿದು, ಪ್ರೊಪೆಲ್ಲರನ್ನು ಕೈಯಿಂದಲೇ ತಿರುಗಿಸಿ ಎಂಜಿನ್ ಚಾಲೂ ಮಾಡಿದರು. ವಿಮಾನ ಅವರನ್ನು ನೆಲದಲ್ಲೇ ಬಿಟ್ಟು ಓಡಿ, ಗಗನಕ್ಕೇರಿತು! ಎರಡು ಗಂಟೆಗೂ ಹೆಚ್ಚು ಕಾಲ ಅಲೆದಾಡಿದ ಅದನ್ನು ಕೊನೆಗೆ ನೌಕಾಪಡೆಯ ಸೀ ಫ್ಯೂರಿ ಯುದ್ಧವಿಮಾನಗಳು ಸಮುದ್ರದ ಮೇಲೆ ಹೊಡೆದುರುಳಿಸಿದವು. ಅದೃಷ್ಟವಶಾತ್ ಯಾರಿಗೂ ಗಾಯವಾಗಲಿಲ್ಲ.

ಕೇಳಲು ತಮಾಷೆಯೆನಿಸುವ ಈ ಘಟನೆಯ ಹಿಂದಿರುವುದು ‘ಹ್ಯಾಂಡ್ ಪ್ರಾಪಿಂಗ್’ ಎಂಬ ಹಳೆಯ ಪದ್ಧತಿ. ಭಾರತೀಯ ವೈಮಾನಿಕರೂ ತರಬೇತಿ ಪಡೆದ ಟೈಗರ್ ಮಾತ್, ಅಮೆರಿಕದ ಪೈಪರ್ ಕಬ್ ಮುಂತಾದ ಹಳೆಯ ವಿಮಾನಗಳಲ್ಲಿ ಸಾಮಾನ್ಯವಾಗಿ ಸ್ಟಾರ್ಟರ್ ಇರುತ್ತಿರಲಿಲ್ಲ. ಅಂಥವನ್ನು ಇಂದಿಗೂ ಹಾರಿಸುವ ಹವ್ಯಾಸಿಗಳಿಗೆ ಈ ಪದ್ಧತಿ ಅನಿವಾರ್ಯ. ಸ್ಟಾರ್ಟರ್ ಇದ್ದರೂ ಬ್ಯಾಟರಿ ಕೈಕೊಟ್ಟಾಗ ಕೆಲವರು ಇದಕ್ಕೇ ಮೊರೆಹೋಗುತ್ತಾರೆ.

ಸ್ವಿಚ್ ನಂಬುವಂತಿಲ್ಲ

ಇಂಥ ಎಂಜಿನ್‌ಗಳಲ್ಲಿ ಕಿಡಿ ಹುಟ್ಟಿಸುವುದು ಮ್ಯಾಗ್ನೆಟೊ. ಅದಕ್ಕೆ ಬ್ಯಾಟರಿ ಬೇಕಿಲ್ಲ. ಪ್ರೊಪೆಲ್ಲರ್ ತಿರುಗಿದರೆ ಸಾಕು. ಸ್ವಿಚ್ ಆಫ್ ಮಾಡಿದಾಗ ಒಂದು ತಂತಿಯ ಮೂಲಕ ಮ್ಯಾಗ್ನೆಟೊದ ವಿದ್ಯುತ್ ಎಂಜಿನ್ನಿನ ಲೋಹದ ಮೈಗೆ ಹರಿದು, ಕಿಡಿ ಹುಟ್ಟುವುದಿಲ್ಲ. ಆ ತಂತಿ ತುಂಡಾಗಿದ್ದರೆ? ಸ್ವಿಚ್ ‘ಆಫ್’ ಎಂದು ತೋರಿಸುತ್ತಿದ್ದರೂ ಎಂಜಿನ್ ಹೊತ್ತಿಕೊಳ್ಳಬಹುದು. ಆದ್ದರಿಂದಲೇ ನಿಂತಿರುವ ಪ್ರೊಪೆಲ್ಲರನ್ನೂ ಜೀವಂತವೆಂದೇ ಭಾವಿಸಬೇಕು ಎಂಬುದು ವೈಮಾನಿಕರ ಮೊದಲ ಪಾಠ.

ನಿಮಿಷಕ್ಕೆ 600 ಸುತ್ತು ತಿರುಗುವ ಎರಡು ಅಲಗಿನ ಪ್ರೊಪೆಲ್ಲರಿನ ಅಲಗುಗಳು ಒಂದೇ ಬಿಂದುವನ್ನು ಸೆಕೆಂಡಿಗೆ 20 ಬಾರಿ ಹಾದುಹೋಗುತ್ತವೆ. ಕೈ ಹಿಂತೆಗೆಯಲು ಅವಕಾಶವೇ ಸಿಗದು.

ಇಬ್ಬರು ಬೇಕೇ ಬೇಕು

ಈ ಕೆಲಸಕ್ಕೆ ತರಬೇತಿ ಪಡೆದ ಇಬ್ಬರು ಬೇಕೆಂಬುದು ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎಯ ಸಲಹೆ. ಒಬ್ಬರು ಕಾಕ್‌ಪಿಟ್‌ನಲ್ಲಿ ಕುಳಿತು ಬ್ರೇಕ್ ಒತ್ತಿ ಹಿಡಿದಿರಬೇಕು. ಇನ್ನೊಬ್ಬರು ಪ್ರೊಪೆಲ್ಲರ್ ಬಳಿ ಇರಬೇಕು. ಸ್ವಿಚ್, ಥ್ರಾಟಲ್, ಬ್ರೇಕ್‌ಗಳ ಸ್ಥಿತಿಯನ್ನು ಗಟ್ಟಿಯಾಗಿ ಕೂಗಿ ಹೇಳಿ, ಮರು ಉತ್ತರ ಬಂದ ಮೇಲಷ್ಟೇ ಮುಂದಿನ ಹೆಜ್ಜೆ. ಚಕ್ರಗಳಿಗೆ ಅಡೆ ಕೊಟ್ಟು, ಬಾಲವನ್ನು ನೆಲಕ್ಕೆ ಬಿಗಿದು ಕಟ್ಟುವುದು ಇನ್ನೂ ಕ್ಷೇಮ.

ಪ್ರೊಪೆಲ್ಲರ್ ತಿರುಗಿಸುವವರು ಜಾರದ, ಗಟ್ಟಿ ನೆಲದ ಮೇಲೆ ನಿಲ್ಲಬೇಕು. ಎಂಜಿನ್ ಹಿಮ್ಮುಖವಾಗಿ ಒದೆಯಬಹುದಾದ್ದರಿಂದ ಅಲಗಿನ ಅಂಚಿಗೆ ಬೆರಳು ಬಿಗಿಯದೆ, ಅಂಗೈಯಿಂದ ಕೆಳಕ್ಕೆ ಎಳೆದು ಹಿಂದೆ ಸರಿಯಬೇಕು. ಸಡಿಲ ಉಡುಪು, ಶಾಲು ಸಲ್ಲದು.

ಬ್ಯಾಂಕ್ಸ್‌ಟೌನ್‌ನಲ್ಲಿ ಕೊರತೆಯಾದದ್ದು ಕೌಶಲವಲ್ಲ. ಎಂಜಿನ್ ಚಾಲೂ ಆಗಿತ್ತಲ್ಲ! ಇಲ್ಲದಿದ್ದುದು ಒಳಗೆ ಕುಳಿತು ಅದನ್ನು ತಡೆಯಬಲ್ಲ ಎರಡನೆಯ ವ್ಯಕ್ತಿ. ಜತೆಗಾರರು ಸಿಗದಿದ್ದರೆ ಅಂದಿನ ಹಾರಾಟವನ್ನೇ ಕೈಬಿಡುವುದು ವಿವೇಕ.