‘ಪಿಎಚ್‌ಡಿ ಇನ್ನೂ ಮುಗಿದಿಲ್ವಾ?’ ಅಂತ ಕೇಳೋ ಮುಂಚೆ ಇದನ್ನ ಓದಿ

ಮದುವೆ ಮನೆಯಿರಲಿ, ಊರಹಬ್ಬವಿರಲಿ, ಪಿಎಚ್‌ಡಿ ಮಾಡುತ್ತಿರುವವರಿಗೆ ಎದುರಾಗುವ ಪ್ರಶ್ನೆ ಒಂದೇ: ‘ಇನ್ನೂ ಮುಗಿದಿಲ್ವಾ?’ ಕೇಳಿದವರಿಗೆ ಅದು ಬರೀ ಕುಶಲೋಪರಿ. ಕೇಳಿಸಿಕೊಂಡವರಿಗೆ ಆ ರಾತ್ರಿ ನಿದ್ದೆ ಹತ್ತಲ್ಲ. ಹೆಸರಿನ ಮುಂದೆ ‘ಡಾ.’ ಬರೋದನ್ನ ಎಲ್ಲರೂ ನೋಡ್ತಾರೆ. ಅದಕ್ಕೂ ಮುಂಚಿನ ವರ್ಷಗಳು ಹೇಗಿರುತ್ತವೆ ಅನ್ನೋದು ಮನೆಯವರಿಗೂ ಗೊತ್ತಿರಲ್ಲ.

ಎಷ್ಟು ವರ್ಷ ಹಿಡಿಯುತ್ತೆ?

ಯುಜಿಸಿಯ 2022ರ ನಿಯಮದ ಪ್ರಕಾರ ಕೋರ್ಸ್‌ವರ್ಕ್ ಸೇರಿ ಕನಿಷ್ಠ 3 ವರ್ಷ, ಗರಿಷ್ಠ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೂ 2 ವರ್ಷ, ಅಂದರೆ ಒಟ್ಟು 10 ವರ್ಷದವರೆಗೆ ಅವಕಾಶವಿದೆ. ಹಾಗಾಗಿ ಐದನೇ ವರ್ಷದಲ್ಲೂ ಬರೆಯುತ್ತಾ ಕೂತಿದ್ದಾರೆ ಅಂದ್ರೆ ಅದು ಸೋಮಾರಿತನ ಅಲ್ಲ.

ಎಂ.ಎ., ಎಂ.ಎಸ್‌ಸಿ ಥರ ಇಲ್ಲಿ ಸಿಲೆಬಸ್ ಇಲ್ಲ, ವರ್ಷಕ್ಕೊಮ್ಮೆ ರಿಸಲ್ಟ್ ಬರಲ್ಲ. ಆರು ತಿಂಗಳು ಮಾಡಿದ ಪ್ರಯೋಗ ಕೈಕೊಡಬಹುದು, ಬರೆದ ಅಧ್ಯಾಯ ಪೂರ್ತಿ ತಿದ್ದಿಸಿಕೊಂಡು ವಾಪಸ್ ಬರಬಹುದು. ಓದಿನಲ್ಲಿ ಯಾವಾಗ್ಲೂ ಮುಂದಿದ್ದವರಿಗೆ ‘ಇದು ನನ್ನ ಕೈಲಾಗಲ್ಲ’ ಅಂತ ಮೊದಲ ಸಲ ಅನ್ನಿಸೋದು ಎಷ್ಟೋ ಸಲ ಇಲ್ಲೇ.

ದುಡ್ಡಿನ ಲೆಕ್ಕ

ಜೆಆರ್‌ಎಫ್ ಪಾಸಾದವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ನಂತರ 42,000 ರೂಪಾಯಿ. ಆದರೆ ಇದು ಹೆಚ್ಚೆಂದರೆ 5 ವರ್ಷ. ಕೆಲಸ ಆರನೇ ವರ್ಷಕ್ಕೆ ಹೋದ್ರೆ ಫೆಲೋಶಿಪ್ ನಿಂತಿರುತ್ತೆ. ಫೆಲೋಶಿಪ್ಪೇ ಇಲ್ಲದ ಅನೇಕರು ಹಗಲು ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಿ ರಾತ್ರಿ ಥೀಸಿಸ್ ಬರೀತಾರೆ. ಜೊತೆಗೆ ಓದಿದವರು ಮನೆ ಕಟ್ಟಿಸುವಾಗ, 30 ದಾಟಿದ ಮೇಲೂ ಅಪ್ಪನ ಹತ್ತಿರ ಬಸ್ ಚಾರ್ಜ್ ಕೇಳಬೇಕು. ಹೆಣ್ಣುಮಕ್ಕಳಿಗೆ ಇದರ ಮೇಲೆ ಮದುವೆಯ ಒತ್ತಡ ಬೇರೆ.

ಗೈಡ್ ಒಬ್ಬರೇ

ಪ್ರಗತಿ ವರದಿ, ಥೀಸಿಸ್ ಸಲ್ಲಿಕೆ ಎಲ್ಲಕ್ಕೂ ಗೈಡ್ ಸಹಿ ಬೇಕು. ಅವರು ಒಳ್ಳೆಯವರಾದ್ರೆ ಅರ್ಧ ಭಾರ ಇಳಿದ ಹಾಗೆ. ಇಲ್ಲದಿದ್ದರೆ ಎದುರು ಮಾತಾಡೋಕೂ ಭಯ, ಬಿಟ್ಟು ಹೋಗೋಕೂ ಭಯ. 26 ದೇಶಗಳ 2,279 ಸಂಶೋಧನಾ ಮತ್ತು ಸ್ನಾತಕೋತ್ತರ ವಿದ್ಯಾರ್ಥಿಗಳ ಉತ್ತರ ಪಡೆದು 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಖಿನ್ನತೆ ಮತ್ತು ಆತಂಕ ಸಾಮಾನ್ಯ ಜನರಿಗಿಂತ ಆರು ಪಟ್ಟಿಗೂ ಹೆಚ್ಚು ಕಂಡಿತ್ತು. ತಾವಾಗಿ ಉತ್ತರ ಕೊಟ್ಟವರ ಲೆಕ್ಕ ಇದು, ಹಾಗಾಗಿ ಎಲ್ಲರಿಗೂ ಹಾಗೇ ಅನ್ವಯಿಸಲಾಗದು. ಆದರೆ ಗೈಡ್ ಜೊತೆ ಸಂಬಂಧ ಚೆನ್ನಾಗಿದ್ದವರಲ್ಲಿ ತೊಂದರೆ ಕಡಿಮೆ ಇತ್ತು ಅನ್ನೋದೂ ಅಲ್ಲೇ ಇದೆ. ತೊಂದರೆ ಬರೀ ವಿದ್ಯಾರ್ಥಿಯ ಮನಸ್ಸಿನದ್ದಲ್ಲ, ವ್ಯವಸ್ಥೆಯದ್ದೂ ಹೌದು.

ಗೊತ್ತಿರಬೇಕಾದ ನಿಯಮಗಳು

* ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿ ಮುಂದೆ ಪ್ರಗತಿ ಹೇಳಬೇಕು. ಕೆಲಸ ಎಲ್ಲಿ ನಿಂತಿದೆ ಅನ್ನೋದನ್ನ ಅಲ್ಲೇ ಹೇಳಿ, ದಾಖಲಾಗಲಿ.
* ಮಹಿಳೆಯರಿಗೆ ಹೆರಿಗೆ ಅಥವಾ ಮಕ್ಕಳ ಆರೈಕೆಗೆ 240 ದಿನಗಳವರೆಗೆ ರಜೆ ಇದೆ.
* ಮದುವೆಯಾಗಿ ಬೇರೆ ಊರಿಗೆ ಹೋದರೆ, ಷರತ್ತುಗಳಿಗೆ ಒಳಪಟ್ಟು ಅಲ್ಲಿನ ಸಂಸ್ಥೆಗೆ ಸಂಶೋಧನೆ ವರ್ಗಾಯಿಸಿಕೊಳ್ಳಬಹುದು.
* ಥೀಸಿಸ್ ಕೊಡೋ ಮುಂಚೆ ಲೇಖನ ಪ್ರಕಟಿಸಲೇಬೇಕು ಅನ್ನೋ ಕಡ್ಡಾಯ ಯುಜಿಸಿ ನಿಯಮದಲ್ಲಿ ಈಗಿಲ್ಲ. ನಿಮ್ಮ ವಿವಿಯ ನಿಯಮ ಏನಿದೆ ಅಂತ ಕೇಳಿಕೊಳ್ಳಿ.

ಮನೆಯವರು ಏನು ಮಾಡಬಹುದು?

‘ಯಾವಾಗ ಮುಗಿಯುತ್ತೆ’ ಅನ್ನೋ ಬದಲು ‘ಈಗ ಏನು ನಡೀತಿದೆ’ ಅಂತ ಕೇಳಿ, ಅರ್ಥವಾಗದಿದ್ದರೂ ಕೇಳಿಸಿಕೊಳ್ಳಿ. ಬಿಟ್ಟುಬಿಡ್ತೀನಿ ಅಂದ್ರೆ ಬೈಯಬೇಡಿ, ಯಾಕೆ ಅಂತ ವಿಚಾರಿಸಿ. ನಿದ್ದೆ, ಊಟ ಕೆಟ್ಟು ಎರಡು ವಾರವಾಗಿದ್ರೆ, ಫೋನ್ ಎತ್ತದೆ ಕೋಣೆಯಲ್ಲೇ ಇದ್ರೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ‘ಬದುಕೋದೇ ಬೇಡ’ ಅನ್ನೋ ಮಾತು ಬಂದರೆ ಒಂಟಿಯಾಗಿ ಬಿಡಬೇಡಿ, ಕೂಡಲೇ ಸಹಾಯ ಪಡೆಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.